ಗಂಟೆಗೆ ನೂರು ಮಿಲಿಮೀಟರ್

ತಾಲ್ಲೂಕು ಕೇಂದ್ರದ ಯಾವುದಾದರೂ ಹಳೆಯ ಲ್ಯಾಬಿಗೆ ಹೋಗಿ ನೋಡಿ, ಮೂಲೆಯ ಮೇಜಿನ ಮೇಲೆ ಒಂದು ಸ್ಟ್ಯಾಂಡ್ ಇರುತ್ತದೆ. ಸಾಲಾಗಿ ನೆಟ್ಟಗೆ ನಿಂತ ಸಪೂರ ಗಾಜಿನ ಕೊಳವೆಗಳು, ಮೈಮೇಲೆ ಮೇಲಿನಿಂದ ಕೆಳಕ್ಕೆ ಸೊನ್ನೆಯಿಂದ 200ರವರೆಗೆ ಗೆರೆಗಳು, ಒಳಗೆ ರಕ್ತ. ಹೆಪ್ಪುಗಟ್ಟದಿರಲೆಂದು ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ದ್ರಾವಣ ಬೆರೆಸಿರುತ್ತಾರೆ. ಸೊನ್ನೆಯ ಗೆರೆಯವರೆಗೆ ತುಂಬಿಸಿ, ಅಲುಗಾಡಿಸದೆ ಬಿಟ್ಟು, ಟೆಕ್ನೀಷಿಯನ್ ಬೇರೆ ಕೆಲಸಕ್ಕೆ ಹೋಗುತ್ತಾರೆ. ಒಂದು ಗಂಟೆಗೆ ಸರಿಯಾಗಿ ಬಂದು ನೋಡುವಾಗ ಕೆಂಪು ಕೆಳಕ್ಕೆ ಜಾರಿ, ಮೇಲೆ ತಿಳಿಹಳದಿ ಪ್ಲಾಸ್ಮಾ ಉಳಿದಿರುತ್ತದೆ. ಆ ಹಳದಿ ಎಷ್ಟು ಮಿಲಿಮೀಟರ್ ಉದ್ದವಿದೆಯೋ ಅದೇ ಇಎಸ್‌ಆರ್. ಕರೆಂಟು ಬೇಡ, ಯಂತ್ರ ಬೇಡ. ಭೂಮಿಯ ಸೆಳೆತ ಮತ್ತು ಒಂದು ಗೋಡೆ ಗಡಿಯಾರ ಸಾಕು.

ಕೊಳವೆಯ ಒಳವ್ಯಾಸ ಎರಡೂವರೆ ಮಿಲಿಮೀಟರ್, ಗೆರೆ ಹಾಕಿದ ಉದ್ದ 200 ಮಿಲಿಮೀಟರ್. ಗುಣಿಸಿ ನೋಡಿದರೆ ಒಳಗಿರುವುದು ಒಂದು ಮಿಲಿಲೀಟರ್‌ನಷ್ಟು ದ್ರವ, ಅಂದರೆ ಸುಮಾರು 20 ಹನಿ. ಒಬ್ಬ ಆರೋಗ್ಯವಂತರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ 45ರಿಂದ 50 ಲಕ್ಷ ಕೆಂಪುಕಣಗಳಿರುತ್ತವೆ. ಸಿಟ್ರೇಟಿನ ಪಾಲು ಕಳೆದರೂ ಆ ಒಂದು ಕೊಳವೆಯಲ್ಲಿ 350ರಿಂದ 400 ಕೋಟಿ ಕಣಗಳು ಉಳಿಯುತ್ತವೆ. ಭೂಮಿಯ ಮೇಲಿನ ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು. ಲ್ಯಾಬಿನವರು ಬರೆದುಕೊಳ್ಳುವ ಎರಡಂಕಿಯ ಸಂಖ್ಯೆ ಇಷ್ಟೂ ಕಣಗಳು ಒಟ್ಟಾಗಿ ಮುಳುಗಿದ ವೇಗ.

ಆ ವೇಗ ಎಷ್ಟು? ಒಂದು ಕೆಂಪುಕಣದ ಅಗಲ ಏಳೆಂಟು ಮೈಕ್ರೋಮೀಟರ್. ಗಂಟೆಗೆ 10 ಮಿಲಿಮೀಟರ್ ಇಎಸ್‌ಆರ್ ಇರುವವರಲ್ಲಿ ಕಣ ತನ್ನ ಅಗಲದಷ್ಟು ದೂರ ಕೆಳಗಿಳಿಯಲು ಸರಾಸರಿ ಎರಡೂವರೆ ಸೆಕೆಂಡಿಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಇಎಸ್‌ಆರ್ 100 ಆದಾಗ ಅದೇ ಕಣ ಸೆಕೆಂಡಿಗೆ ತನ್ನ ಅಗಲದ ಮೂರೂವರೆ ಪಟ್ಟು ಇಳಿಯುತ್ತಿರುತ್ತದೆ. ಕಣದ ತೂಕ ಹೆಚ್ಚಿಲ್ಲ, ಭೂಮಿಯ ಸೆಳೆತವೂ ಹೆಚ್ಚಿಲ್ಲ. ಬದಲಾಗಿರುವುದು ಪ್ಲಾಸ್ಮಾ. ಕೆಂಪುಕಣಗಳ ಮೈಯೆಲ್ಲ ಋಣ ವಿದ್ಯುದಾವೇಶ. ಹಾಗಾಗಿ ಅವು ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿ ತೇಲುತ್ತವೆ. ದೇಹದಲ್ಲಿ ಉರಿಯೂತ ಇದ್ದಾಗ ಫೈಬ್ರಿನೋಜನ್ ಎಂಬ ಉದ್ದನೆಯ ಪ್ರೋಟೀನ್ ಪ್ಲಾಸ್ಮಾದಲ್ಲಿ ಏರುತ್ತದೆ, ಆ ತಳ್ಳಾಟವನ್ನು ಮೀರಿ ಕಣಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಕಂಬಗಟ್ಟಿಸುತ್ತದೆ. ದ್ರವದಲ್ಲಿ ಮುಳುಗುವ ವಸ್ತುವಿನ ವೇಗ ಅದರ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗುಂಪು ಎರಡು ಪಟ್ಟು ದಪ್ಪವಾದರೆ ವೇಗ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು. ಗಾಜಿನ ಮೇಲೆ ನಾವು ಓದುವುದು ಈ ವರ್ಗದ ಲೆಕ್ಕವನ್ನು.

ಪೋಲೆಂಡಿನ ಎಡ್ಮಂಡ್ ಬಿಯೆರ್ನಾಟ್ಸ್ಕಿ 1897ರಲ್ಲೇ ಇದನ್ನು ಗಮನಿಸಿ ಬರೆದಿದ್ದ. ಸ್ವೀಡನ್ನಿನ ರಾಬಿನ್ ಫೋರಿಯಸ್ 1918ರಲ್ಲಿ ಮತ್ತೆ ಕಂಡುಕೊಂಡದ್ದು ಬಸುರಿಯರ ರಕ್ತದಲ್ಲಿ. ಗರ್ಭ ಪತ್ತೆ ಮಾಡುವ ಪರೀಕ್ಷೆ ಆದೀತೆಂಬ ಆಸೆ ಅವನಿಗಿತ್ತು. ಆಲ್ಫ್ ವೆಸ್ಟರ್‌ಗ್ರೆನ್ 1921ರಲ್ಲಿ ಕ್ಷಯ ರೋಗಿಗಳ ಮೇಲೆ ಬಳಸಿ ಕೊಳವೆಯ ಅಳತೆ ಗೊತ್ತುಪಡಿಸಿದ. ಬಸುರಿಗೂ ಏರುತ್ತದೆ, ಕ್ಷಯಕ್ಕೂ ಏರುತ್ತದೆ. ಈ ಪರೀಕ್ಷೆಯ ಗುಣವೂ ದೋಷವೂ ಹುಟ್ಟಿನಲ್ಲೇ ಬಯಲಾಗಿತ್ತು ಎನ್ನಬೇಕು.

ಇನ್ನು ಈ ಪರೀಕ್ಷೆಯನ್ನು ಒರೆಗೆ ಹಚ್ಚುವ ಒಂದು ಕಾಯಿಲೆಯ ವಿಷಯ. ರಕ್ತನಾಳದ ಗೋಡೆಯೇ ಉರಿಯೂತಕ್ಕೆ ಸಿಗುವ ಕಾಯಿಲೆಗಳಿಗೆ ಒಟ್ಟಾಗಿ ವ್ಯಾಸ್ಕ್ಯುಲೈಟಿಸ್ ಎನ್ನುತ್ತಾರೆ. ದೇಹ ತನ್ನ ನಾಳಗಳ ಮೇಲೆ ತಾನೇ ಏರಿಹೋಗುವ ಈ ಗುಂಪಿನಲ್ಲಿ ದೊಡ್ಡ ನಾಳಗಳನ್ನೇ ಹಿಡಿಯುವ ಒಂದು ಕಾಯಿಲೆಗೆ ಜಪಾನಿನ ಕನಜಾವಾದ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ಅವರ ಹೆಸರಿದೆ. ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳ ಕಣ್ಣಿನೊಳಗೆ, ದೃಷ್ಟಿನರ ಹೊರಡುವ ಜಾಗದ ಸುತ್ತ, ರಕ್ತನಾಳಗಳು ಬಳೆಯಾಕಾರದಲ್ಲಿ ಹೆಣೆದುಕೊಂಡಿದ್ದನ್ನು ಅವರು ಕಂಡರು. ಆ ವರದಿ ಅಚ್ಚಾದದ್ದು 1908ರಲ್ಲಿ. ಅಂಥದೇ ಕಣ್ಣುಗಳನ್ನು ನೋಡಿದ ಒನಿಶಿ, ಕಾಗೋಶಿಮಾ ಎಂಬ ಇನ್ನಿಬ್ಬರು ತಮ್ಮ ರೋಗಿಗಳ ಮುಂಗೈಯಲ್ಲಿ ನಾಡಿಯೇ ಸಿಗುತ್ತಿಲ್ಲ ಎಂದರು. ಕಣ್ಣು ಒಂದು ಕಡೆ, ಮಣಿಕಟ್ಟು ಇನ್ನೊಂದು ಕಡೆ. ಎರಡನ್ನೂ ಕಟ್ಟಿಹಾಕುವುದು ಎದೆಯೊಳಗಿನ ಮಹಾಪಧಮನಿ. ಅಲ್ಲಿಂದ ತಲೆಗೂ ತೋಳಿಗೂ ಹೊರಡುವ ಕವಲುಗಳು ಮುಚ್ಚಿಕೊಳ್ಳುತ್ತ ಬಂದಿದ್ದವು. 1948ರಲ್ಲಿ ಶಿಮಿಝು ಮತ್ತು ಸಾನೊ ಇದಕ್ಕೆ ನಾಡಿಯಿಲ್ಲದ ಕಾಯಿಲೆ ಎಂದೇ ಹೆಸರಿಟ್ಟರು.

ಅಪರೂಪದ ಕಾಯಿಲೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬಿಬ್ಬರು, ಹೆಚ್ಚೆಂದರೆ ಮೂವರು ಹೊಸ ರೋಗಿಗಳು ಎಂಬುದು ಬೇರೆ ಬೇರೆ ದೇಶಗಳ ಎಣಿಕೆ. 2011ರ ಜನಗಣತಿಯಲ್ಲಿ ಕರ್ನಾಟಕ ಆರು ಕೋಟಿ ದಾಟಿತ್ತು. ಹೊರಗಿನ ದರವನ್ನೇ ಸುಮ್ಮನೆ ಲೆಕ್ಕಕ್ಕೆ ಇಲ್ಲಿಗೆ ಹಾಕಿದರೆ ವರ್ಷಕ್ಕೆ 60ರಿಂದ 180 ಜನ. ಬಹುಪಾಲು ಹೆಂಗಸರು, ಅದರಲ್ಲೂ ನಲವತ್ತರೊಳಗಿನವರು. ಜ್ವರ, ಸುಸ್ತು, ತೂಕ ಇಳಿಯುವುದು, ಕೈ ಎತ್ತಿ ಬಟ್ಟೆ ಒಣಹಾಕುವಾಗ ತೋಳು ಸೋತುಬರುವುದು: ಶುರುವಾಗುವುದು ಹೀಗೆ. ಸುಸ್ತು ಎಂದು ಹೇಳಿಕೊಂಡು ಬಂದ ಹುಡುಗಿಗೆ ನಮ್ಮಲ್ಲಿ ಮೊದಲು ಸಿಗುವುದು ಕಬ್ಬಿಣದ ಮಾತ್ರೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 60 ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಮೊದಲ ಲಕ್ಷಣಕ್ಕೂ ಕಾಯಿಲೆಯ ಹೆಸರು ಗೊತ್ತಾಗುವುದಕ್ಕೂ ನಡುವೆ ಹತ್ತು ತಿಂಗಳು ಕಳೆದಿತ್ತು, ಅದೂ ಮಧ್ಯಮಾಂಕ. ಅರ್ಧದಷ್ಟು ಜನಕ್ಕೆ ಅದಕ್ಕಿಂತ ತಡ. ಆ ಅಧ್ಯಯನಕ್ಕೆ ಮತ್ತೆ ಬರುತ್ತೇನೆ.

ಕಾಯಿಲೆ ಕೂತಿರುವ ಜಾಗ ಎಷ್ಟು ಚಿಕ್ಕದು ಎಂದು ತಿಳಿಯಲು ನಾಳಗಳ ಒಟ್ಟು ಉದ್ದ ಗೊತ್ತಿರಬೇಕು. ಮನುಷ್ಯನ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದರೆ ಒಂದು ಲಕ್ಷ ಕಿಲೋಮೀಟರ್, ಭೂಮಿಗೆ ಎರಡೂವರೆ ಸುತ್ತು ಎಂದು ಶಾಲೆಯ ಪುಸ್ತಕದಿಂದ ಕ್ವಿಜ್ ಕಾರ್ಯಕ್ರಮದವರೆಗೆ ಎಲ್ಲರೂ ಹೇಳುತ್ತಾರೆ. ಈ ಸಂಖ್ಯೆಯ ಮೂಲ ಡೆನ್ಮಾರ್ಕಿನ ಆಗಸ್ಟ್ ಕ್ರೋ. ಲೋಮನಾಳಗಳ ಮೇಲಿನ ಕೆಲಸಕ್ಕೆ 1920ರ ನೊಬೆಲ್ ಪಡೆದವರು. 1922ರ ಪುಸ್ತಕದಲ್ಲಿ ಅವರು ಮಾಡಿದ್ದು ಒಂದು ಊಹೆಯ ಲೆಕ್ಕ: ಒಬ್ಬನ ದೇಹದಲ್ಲಿ 50 ಕಿಲೋ ಮಾಂಸಖಂಡ ಇದೆ ಎಂದುಕೊಳ್ಳೋಣ, ಪ್ರತಿ ಚದರ ಮಿಲಿಮೀಟರಿಗೆ 2,000 ಲೋಮನಾಳಗಳಿವೆ ಎಂದುಕೊಳ್ಳೋಣ. ಐವತ್ತು ಕಿಲೋ ಬರೀ ಮಾಂಸಖಂಡ! ಗರಡಿಮನೆಯಲ್ಲೂ ಅಂಥವರು ಕಡಿಮೆ. ಲೋಮನಾಳಗಳೂ ಅಷ್ಟು ಒತ್ತೊತ್ತಾಗಿಲ್ಲ. ಈಚಿನ ಸಂಶೋಧಕರು ಸಾಧಾರಣ ಮೈಕಟ್ಟಿಗೆ ಹೊಂದಿಸಿ ಎಣಿಸಿದಾಗ 9,000ದಿಂದ 19,000 ಕಿಲೋಮೀಟರಿಗೆ ಇಳಿಯಿತು. ಭೂಮಿಗೆ ಅರ್ಧ ಸುತ್ತೂ ಆಗದು. ನೂರು ವರ್ಷ ಎಲ್ಲರೂ ಒಂದನ್ನು ಐದಾರು ಪಟ್ಟು, ಕೆಲವೊಮ್ಮೆ ಹತ್ತು ಪಟ್ಟು ಹಿಗ್ಗಿಸಿ ಹೇಳುತ್ತ ಬಂದಿದ್ದೇವೆ. ಇಳಿದ ಮೇಲೂ ಅದು ಒಂದು ದೇಹದೊಳಗೆ ಮಡಚಿಟ್ಟ ಒಂಬತ್ತು ಸಾವಿರ ಕಿಲೋಮೀಟರ್ ಎಂಬುದನ್ನು ಮರೆಯಬಾರದು.

ಟಕಯಾಸು ಕಾಯಿಲೆ ಈ ಒಂಬತ್ತು ಸಾವಿರ ಕಿಲೋಮೀಟರನ್ನು ಮುಟ್ಟುವುದೇ ಇಲ್ಲ. ಅದು ಹಿಡಿಯುವುದು ಹೃದಯದಿಂದ ಹೊರಟು ಹೊಕ್ಕುಳಿನ ಮಟ್ಟದವರೆಗೆ ಇಳಿಯುವ ಅರ್ಧ ಮೀಟರ್ ಆಸುಪಾಸಿನ ಮಹಾಪಧಮನಿಯನ್ನು ಮತ್ತು ಅದರ ಬುಡದ ಕವಲುಗಳನ್ನು. ಆದರೆ ಎಲ್ಲ ರಕ್ತವೂ ಹಾದುಹೋಗಬೇಕಾದ ದಾರಿ ಅದೊಂದೇ. ಹೃದಯ ದಿನಕ್ಕೆ ಲಕ್ಷ ಸಲ ಬಡಿದು, ನಿಮಿಷಕ್ಕೆ ಐದು ಲೀಟರ್ ಲೆಕ್ಕದಲ್ಲಿ ದಿನಕ್ಕೆ 7,200 ಲೀಟರ್ ಅದರ ಮೂಲಕ ತಳ್ಳುತ್ತದೆ. ಆ ನಾಳದ ಗೋಡೆಯ ದಪ್ಪ ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಕತ್ತಿನಲ್ಲಿ ಮಿದುಳಿಗೆ ಹೋಗುವ ನಾಳದ ಗೋಡೆಯ ಒಳಪದರಗಳು ಒಂದು ಮಿಲಿಮೀಟರೂ ಇಲ್ಲ. ಉರಿಯೂತದ ಕಣಗಳು ಈ ಗೋಡೆಯ ಹೊರಪದರದಿಂದ ಒಳಕ್ಕೆ ನುಗ್ಗುತ್ತವೆ, ಗೋಡೆ ದಪ್ಪವಾಗುತ್ತದೆ, ದಪ್ಪವಾದಷ್ಟೂ ಒಳದಾರಿ ಕಿರಿದಾಗುತ್ತದೆ. ತ್ರಿಜ್ಯ ಅರ್ಧವಾದರೆ ಆ ತುಣುಕಿನಲ್ಲಿ ಹರಿವಿಗೆ ತಡೆ ಹದಿನಾರು ಪಟ್ಟು. ತ್ರಿಜ್ಯ ಐದನೇ ಒಂದು ಪಾಲು ಕುಗ್ಗಿದರೂ ತಡೆ ಎರಡೂಕಾಲು ಪಟ್ಟು ಮೀರುತ್ತದೆ. ಒಂದೆರಡು ಮಿಲಿಮೀಟರಿನ ಒಳಗೆ ನಡೆಯುವ ಈ ವ್ಯವಹಾರವನ್ನು ಹೊರಗಿನಿಂದ ತಿಳಿಯಬೇಕು. ಮಹಾಪಧಮನಿಯ ತುಣುಕು ಕತ್ತರಿಸಿ ನೋಡಲು ಬರುವುದಿಲ್ಲವಲ್ಲ. ಅದಕ್ಕೇ ತೋಳಿನಿಂದ ನಾಲ್ಕಾರು ಮಿಲಿಲೀಟರ್ ರಕ್ತ ತೆಗೆಯುವುದು.

ರಕ್ತದಲ್ಲಿ ಹುಡುಕುವ ಎರಡನೆಯ ಗುರುತು ಸಿಆರ್‌ಪಿ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್. ಇದರ ಸಂಖ್ಯೆಗಳು ಇಎಸ್‌ಆರ್‌ನ ಸಂಖ್ಯೆಗಳನ್ನೂ ಮಂಕಾಗಿಸುತ್ತವೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡರು. ನ್ಯುಮೋನಿಯಾ ಬ್ಯಾಕ್ಟೀರಿಯಾದ ಸಿ ಎಂಬ ಸಕ್ಕರೆಯಂಶಕ್ಕೆ ಅಂಟಿ ಗಸಿಯಾಗುವ ಪ್ರೋಟೀನ್ ಆದ್ದರಿಂದ ಆ ಹೆಸರು. ಐದು ಒಂದೇ ತೆರನ ಭಾಗಗಳು ಉಂಗುರವಾಗಿ ಕೂಡಿದ ರಚನೆ. ಒಂದೊಂದರಲ್ಲೂ 206 ಅಮೈನೋ ಆಮ್ಲಗಳು. ಆರೋಗ್ಯವಂತರಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಒಳಗೇ ಇರುವುದು ಸಾಮಾನ್ಯ, ಕೆಲವರಲ್ಲಿ ಅದರ ಇಪ್ಪತ್ತನೇ ಒಂದು ಪಾಲೂ ಇರುವುದಿಲ್ಲ. ಭಾರೀ ಸೋಂಕಿನಲ್ಲಿ 500 ಮಿಲಿಗ್ರಾಂ ದಾಟಬಹುದು. ತಳದಿಂದ ತುದಿಗೆ ಹತ್ತು ಸಾವಿರ ಪಟ್ಟು. ರಕ್ತದ ಸಕ್ಕರೆಯೋ ಸೋಡಿಯಮ್ಮೋ ಇದರ ಸಾವಿರದ ಒಂದು ಪಾಲು ಹೊಯ್ದಾಡಿದರೂ ಮನುಷ್ಯ ಐಸಿಯು ಸೇರುತ್ತಾನೆ.

ಇದನ್ನು ತಯಾರಿಸುವುದು ರಕ್ತನಾಳವಲ್ಲ, ಲಿವರ್. ಲಿವರಿಗೆ ಸುದ್ದಿ ಮುಟ್ಟಿಸುವುದು ಇಂಟರ್‌ಲೂಕಿನ್-6 ಎಂಬ ಸಣ್ಣ ಪ್ರೋಟೀನ್. ಜಪಾನಿನ ತದಾಮಿತ್ಸು ಕಿಶಿಮೊಟೊ ಮತ್ತು ತೊಶಿಯೊ ಹಿರಾನೊ ಅವರ ತಂಡ ಇದರ ಜೀನನ್ನು ಗುರುತಿಸಿದ್ದು 1986ರಲ್ಲಿ. ಉರಿಯೂತ ಇರುವಾಗ ರಕ್ತದಲ್ಲಿ ಇದು ಮಿಲಿಲೀಟರಿಗೆ 20 ಪಿಕೋಗ್ರಾಂ ಇದೆ ಎಂದುಕೊಳ್ಳಿ. ಪಿಕೋಗ್ರಾಂ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಬೆಂಗಳೂರಿನ ಬೀದಿಗಳಲ್ಲಿ ಓಡಾಡುವ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಇದೆಯಲ್ಲ, ಅಂಥ ಐದು ಸಾವಿರ ಟ್ಯಾಂಕರುಗಳಿಗೆ ಒಟ್ಟು ಒಂದೇ ಒಂದು ಗ್ರಾಂ ಬೆರೆಸಿದರೆ ಬರುವ ಹದ ಅದು. ಅಷ್ಟು ತೆಳುವಾದ ಸುದ್ದಿಯನ್ನು ಲಿವರ್ ಕೇಳಿಸಿಕೊಳ್ಳುತ್ತದೆ. ಕೇಳಿಸಿಕೊಂಡು ಆರೇಳು ಗಂಟೆಯೊಳಗೆ ಸಿಆರ್‌ಪಿ ಸುರಿಯತೊಡಗುತ್ತದೆ. ಎರಡು ದಿನದಲ್ಲಿ ಅದು ತುತ್ತತುದಿ ಮುಟ್ಟುತ್ತದೆ.

ಲೀಟರಿಗೆ 100 ಮಿಲಿಗ್ರಾಂ ಸಿಆರ್‌ಪಿ ಇರುವ ಪ್ಲಾಸ್ಮಾದ ಒಂದೇ ಹನಿ ತೆಗೆದುಕೊಳ್ಳಿ. ಅದರಲ್ಲಿ ಇಂಟರ್‌ಲೂಕಿನ್-6ರ ಅಣುಗಳು ಮೂರು ಕೋಟಿಯ ಹತ್ತಿರ. ಸಿಆರ್‌ಪಿ ಅಣುಗಳು 26 ಲಕ್ಷ ಕೋಟಿ. ಬಜೆಟ್ ಭಾಷಣದ ಹೊರಗೆ ಲಕ್ಷ ಕೋಟಿ ಎಂಬ ಮಾತು ಕಿವಿಗೆ ಬೀಳುವುದೇ ಅಪರೂಪ. ಇಡೀ ಮನುಷ್ಯ ದೇಹದಲ್ಲಿರುವ ಕೆಂಪುಕಣಗಳ ಒಟ್ಟು ಎಣಿಕೆಯೂ ಸುಮಾರು 25 ಲಕ್ಷ ಕೋಟಿಯೇ. ಅಂದರೆ ಐದು ಲೀಟರ್ ರಕ್ತದಲ್ಲಿ ಓಡಾಡುವ ಕೆಂಪುಕಣಗಳಷ್ಟು ಸಿಆರ್‌ಪಿ ಅಣುಗಳು ಒಂದೇ ಹನಿಯಲ್ಲಿವೆ. ಸುದ್ದಿಯ ಒಂದೊಂದು ಅಣುವಿಗೂ ಉತ್ತರವಾಗಿ ಒಂಬತ್ತು ಲಕ್ಷ ಅಣುಗಳು ಎದ್ದುನಿಂತಿವೆ. ಲ್ಯಾಬಿನ ಯಂತ್ರ ಸುಲಭವಾಗಿ ಅಳೆಯುವುದು ಈ ಉತ್ತರವನ್ನು. ಸುದ್ದಿ ಹೊರಟ ಜಾಗ ಯಾವುದು ಎಂದು ಅದರ ಮೇಲೆ ಬರೆದಿರುವುದಿಲ್ಲ. ಶ್ವಾಸಕೋಶವೋ, ಕೀಲೋ, ಹಲ್ಲಿನ ಬುಡದ ಕೀವೋ, ಮಹಾಪಧಮನಿಯೋ, ಲಿವರಿಗೆ ಎಲ್ಲ ಒಂದೇ.

ಅಡಚಣೆ ಶುರುವಾಗುವುದು ಇಲ್ಲಿ. ಸಿಆರ್‌ಪಿಯ ಅರ್ಧಾಯುಷ್ಯ 19 ಗಂಟೆ. ಲಿವರ್ ತಯಾರಿ ನಿಲ್ಲಿಸಿದರೆ 100ರಿಂದ 5ಕ್ಕೆ ಇಳಿಯಲು ಮೂರೂವರೆ ದಿನ ಸಾಕು. ಫೈಬ್ರಿನೋಜನ್ ಅದಕ್ಕಿಂತ ನಿಧಾನ, ಆದ್ದರಿಂದ ಇಎಸ್‌ಆರ್ ವಾರಗಟ್ಟಲೆ ಹಿಂದೆ ಉಳಿಯುತ್ತದೆ. ನಾಳದ ಗೋಡೆ ದಪ್ಪವಾಗಿ ನಾಡಿ ಮರೆಯಾಗಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಮೂರು ಬೇರೆ ಬೇರೆ ಗಡಿಯಾರ ನೋಡಿ ಒಂದೇ ಸಮಯ ಹೇಳಬೇಕಾದ ಪರಿಸ್ಥಿತಿ ವೈದ್ಯರದು. ಸ್ಟಿರಾಯ್ಡ್ ಕೊಟ್ಟ ವಾರದೊಳಗೆ ಸಿಆರ್‌ಪಿ ಬಿದ್ದುಹೋಗುತ್ತದೆ, ರೋಗಿಗೂ ಹಾಯೆನಿಸುತ್ತದೆ, ವರದಿಯಲ್ಲಿ ದಪ್ಪಕ್ಷರ ಮಾಯವಾಗುತ್ತದೆ. ಗೋಡೆಯೊಳಗೆ ಏನಾಗುತ್ತಿದೆ?

1994ರ ಆ 60 ರೋಗಿಗಳ ಅಧ್ಯಯನ ಇದಕ್ಕೆ ಕೊಟ್ಟ ಉತ್ತರ ಇಂದಿಗೂ ವೈದ್ಯರ ಬಾಯಲ್ಲಿದೆ. ಕಾಯಿಲೆ ತಣ್ಣಗಾಗಿದೆ ಎಂದು ತೀರ್ಮಾನಿಸಿದ ಮೇಲೆ ಕೆಲವರಿಗೆ ಮುಚ್ಚಿದ ನಾಳ ದಾಟಿಸಲು ಬೈಪಾಸ್ ಮಾಡಲಾಯಿತು. ಆಗ ಸಿಕ್ಕ ನಾಳದ ತುಣುಕುಗಳನ್ನು ಸೂಕ್ಷ್ಮದರ್ಶಕದಡಿ ನೋಡಿದರೆ ಶೇ. 44ರಷ್ಟು ಮಂದಿಯಲ್ಲಿ ಉರಿಯೂತ ಇನ್ನೂ ಜೀವಂತ. ಇಎಸ್‌ಆರ್ ಈ ಕಾಯಿಲೆಯ ಚಟುವಟಿಕೆಗೆ ನಂಬತಕ್ಕ ಗುರುತಲ್ಲ ಎಂದು ಅವರು ಬರೆದರು. ತುಣುಕು ಸಿಕ್ಕವರ ಸಂಖ್ಯೆ ಚಿಕ್ಕದು, ನಿಜ. ಆದರೂ ಹೆಚ್ಚುಕಮ್ಮಿ ಅರ್ಧದಷ್ಟು ಸಲ ತಪ್ಪುವ ತೀರ್ಮಾನದ ಮೇಲೆ ಯಾರೂ ನಿಶ್ಚಿಂತೆಯಿಂದ ಮಾತ್ರೆ ಇಳಿಸಲಾರರು.

ಇದಕ್ಕೆ ಉಲ್ಟಾ ತಪ್ಪೂ ಇದೆ, ನಮ್ಮ ನಾಡಿನಲ್ಲಿ ಅದೇ ಹೆಚ್ಚು. ಕೊಳವೆಯಲ್ಲಿ ಕೆಂಪುಕಣಗಳು ಕಡಿಮೆ ಇದ್ದರೆ ನೂಕುನುಗ್ಗಲು ಕಡಿಮೆ, ಅವು ಸಲೀಸಾಗಿ ಮುಳುಗುತ್ತವೆ. ಅಂದರೆ ಬರೀ ರಕ್ತಹೀನತೆಯೇ ಇಎಸ್‌ಆರ್ ಏರಿಸುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ, ಕರ್ನಾಟಕದಲ್ಲಿ ಶೇ. 48ರ ಆಸುಪಾಸು. ಟಕಯಾಸು ಹಿಡಿಯುವುದೂ ಸರಿಯಾಗಿ ಈ ವಯಸ್ಸಿನ ಹೆಂಗಸರನ್ನೇ. ಇದರ ಮೇಲೆ ಬಸುರಿನಲ್ಲಿ ಇಎಸ್‌ಆರ್ ಏರುತ್ತದೆ. ಜಗತ್ತಿನ ಕ್ಷಯ ರೋಗಿಗಳಲ್ಲಿ ಸುಮಾರು ಕಾಲುಭಾಗ ಇರುವ ದೇಶದಲ್ಲಿ ಕ್ಷಯದಿಂದಲೂ ಏರುತ್ತದೆ. ಮುಂಗೈ ನಾಡಿ ಸಿಗದ, ಇಎಸ್‌ಆರ್ 60 ಇರುವ, ಹಿಮೋಗ್ಲೋಬಿನ್ 9 ಇರುವ ಮೂವತ್ತರ ಹೆಣ್ಣುಮಗಳೊಬ್ಬಳು ಬಂದು ಕೂತರೆ ಆ 60ರಲ್ಲಿ ಕಾಯಿಲೆಯ ಪಾಲೆಷ್ಟು, ತಟ್ಟೆಯಲ್ಲಿ ಸೊಪ್ಪು-ಕಾಳು ಕಡಿಮೆಯಾದ ಪಾಲೆಷ್ಟು ಎಂದು ಆ ಕೊಳವೆ ಬಿಡಿಸಿ ಹೇಳದು.

ಎಲ್ಲ ವ್ಯಾಸ್ಕ್ಯುಲೈಟಿಸ್‌ಗಳಲ್ಲೂ ಹೀಗೇ ಎಂದರೆ ತಪ್ಪಾಗುತ್ತದೆ. ಜೈಂಟ್ ಸೆಲ್ ಆರ್ಟರೈಟಿಸ್ ಎಂಬ ಹತ್ತಿರದ ಸಂಬಂಧಿ ಇದೆ. ಅದು ಐವತ್ತು ದಾಟಿದವರ ಕಾಯಿಲೆ, ಉತ್ತರ ಯುರೋಪಿನ ಮೂಲದವರಲ್ಲಿ ಹೆಚ್ಚು, ನಮ್ಮಲ್ಲಿ ಕಡಿಮೆ. ಕಣತಲೆಯ ನಾಳ ಊದಿ, ತಲೆನೋವು ಬಂದು, ತಡಮಾಡಿದರೆ ಕಣ್ಣೇ ಹೋಗಬಹುದು. ಅಲ್ಲಿ ಇಎಸ್‌ಆರ್ 80, 100 ಮುಟ್ಟುವುದು ಮಾಮೂಲು. 2022ರಲ್ಲಿ ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಗಳು ಒಟ್ಟಾಗಿ ಎರಡೂ ಕಾಯಿಲೆಗಳಿಗೆ ಅಂಕಪಟ್ಟಿ ಹೊರಡಿಸಿದವು. ಜೈಂಟ್ ಸೆಲ್ ಎಂದು ವರ್ಗೀಕರಿಸಲು ಬೇಕಾದ ಆರು ಅಂಕಗಳಲ್ಲಿ ಇಎಸ್‌ಆರ್ 50 ಅಥವಾ ಸಿಆರ್‌ಪಿ 10 ಮುಟ್ಟಿದರೆ ಮೂರು ಅಂಕ, ಅಂದರೆ ಅರ್ಧ ದಾರಿ. ಟಕಯಾಸು ಪಟ್ಟಿಯಲ್ಲಿ ಈ ಎರಡು ಪರೀಕ್ಷೆಗಳಿಗೆ ಸಿಕ್ಕಿದ ಅಂಕ ಸೊನ್ನೆ. ಅವುಗಳ ಹೆಸರೇ ಅಲ್ಲಿಲ್ಲ. ಹೆಣ್ಣಾಗಿದ್ದರೆ ಒಂದು ಅಂಕ, ಎರಡು ತೋಳುಗಳ ಬಿ.ಪಿ.ಯಲ್ಲಿ 20ರ ವ್ಯತ್ಯಾಸಕ್ಕೆ ಒಂದು, ತೋಳಿನ ನಾಡಿ ಕ್ಷೀಣಿಸಿದ್ದರೆ ಎರಡು, ಸ್ಟೆತಸ್ಕೋಪಿಗೆ ನಾಳದ ಸದ್ದು ಕೇಳಿದರೆ ಎರಡು, ಇನ್ನು ಕೆಲವು ಅಂಕ ಸ್ಕ್ಯಾನಿನದು.

ಬಿ.ಪಿ. ವಿಷಯ ಬಂದಿದ್ದರಿಂದ ಒಂದು ಮಾತು. ಭಾರತದ ಟಕಯಾಸು ರೋಗಿಗಳಲ್ಲಿ ಹೊಟ್ಟೆಯ ಭಾಗದ ಮಹಾಪಧಮನಿ, ಕಿಡ್ನಿಯ ನಾಳಗಳು ಕಿರಿದಾಗುವುದು ಹೆಚ್ಚು, ಆದ್ದರಿಂದ ಏರಿದ ಬಿ.ಪಿ.ಯೇ ಬಹಳ ಸಲ ಮೊದಲ ಸುಳಿವು. ಆದರೆ ತೋಳಿನ ನಾಳವೂ ಕಿರಿದಾಗಿದ್ದರೆ? ಪಟ್ಟಿ ಕಟ್ಟಿದ ಎಡತೋಳಿನಲ್ಲಿ 100 ತೋರಿಸುತ್ತದೆ, ನರ್ಸ್ ನಾರ್ಮಲ್ ಎಂದು ಬರೆಯುತ್ತಾರೆ. ಅದೇ ಹೊತ್ತಿನಲ್ಲಿ ಮಿದುಳು, ಹೃದಯ, ಕಿಡ್ನಿಗಳು 180ರ ಒತ್ತಡ ತಿನ್ನುತ್ತಿರಬಹುದು. ಅಗಲದ ಪಟ್ಟಿ ಹುಡುಕಿ, ರೋಗಿಯನ್ನು ಬೋರಲು ಮಲಗಿಸಿ, ತೊಡೆಗೆ ಕಟ್ಟಿ, ಮಂಡಿಯ ಹಿಂದಿನ ಗುಳಿಯಲ್ಲಿ ಸ್ಟೆತಸ್ಕೋಪ್ ಇಟ್ಟು ಕೇಳಿದರೆ ನಿಜ ಗೊತ್ತಾಗುತ್ತದೆ. ಎರಡು ತೋಳು, ಎರಡು ಕಾಲು, ಒಟ್ಟು ನಾಲ್ಕು ಅಳತೆ, ಹತ್ತು ನಿಮಿಷ. ಸರದಿಯಲ್ಲಿ ನೂರು ಜನ ಕೂತಿರುವ ಹೊರರೋಗಿ ವಿಭಾಗದಲ್ಲಿ ಆ ಹತ್ತು ನಿಮಿಷ ಸಿಗುವುದೇ ಕಷ್ಟ. ರಕ್ತ ಪರೀಕ್ಷೆ ಬರೆದುಕೊಡಲು ಹತ್ತು ಸೆಕೆಂಡು ಸಾಕು. ಸಂಖ್ಯೆಗಳ ಮೇಲೆ ನಮಗೆ ಇಷ್ಟು ಭರವಸೆ ಬೆಳೆದದ್ದರಲ್ಲಿ ಈ ಲೆಕ್ಕದ ಪಾತ್ರವೂ ಇದೆ ಎಂದೇ ನನ್ನ ಗುಮಾನಿ.

ಈಗ ಚಿತ್ರ ಇನ್ನಷ್ಟು ವಿಚಿತ್ರವಾಗಿದೆ. ಇಂಟರ್‌ಲೂಕಿನ್-6 ಕೂತುಕೊಳ್ಳುವ ಜಾಗವನ್ನೇ ಮುಚ್ಚಿಬಿಡುವ ಟೋಸಿಲಿಜುಮ್ಯಾಬ್ ಎಂಬ ಔಷಧ ಬಂದಿದೆ. ಜೈಂಟ್ ಸೆಲ್ ರೋಗಿಗಳು 251 ಮಂದಿಯ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವಾರಕ್ಕೊಮ್ಮೆ ಇದನ್ನು ಪಡೆದವರಲ್ಲಿ ಶೇ. 56 ಮಂದಿ ಒಂದು ವರ್ಷದ ಕೊನೆಗೂ ಶಮನದಲ್ಲಿದ್ದರು. ಅದರಷ್ಟೇ ಬೇಗ ಸ್ಟಿರಾಯ್ಡ್ ಇಳಿಸಿ ಹುಸಿ ಚುಚ್ಚುಮದ್ದು ಪಡೆದವರಲ್ಲಿ ಶೇ. 14. ಟಕಯಾಸುವಿಗೂ ಇದನ್ನು ಕೊಡುತ್ತಾರೆ. ಔಷಧ ಕೆಲಸ ಮಾಡುತ್ತದೆ, ಜೊತೆಗೆ ಸುದ್ದಿಯ ತಂತಿಯನ್ನೂ ಕತ್ತರಿಸುತ್ತದೆ. ಲಿವರಿಗೆ ಮಾತು ಮುಟ್ಟುವುದೇ ಇಲ್ಲವಾದ್ದರಿಂದ ಸಿಆರ್‌ಪಿ ನೆಲಕಚ್ಚುತ್ತದೆ, ಫೈಬ್ರಿನೋಜನ್ ಇಳಿದು ಇಎಸ್‌ಆರ್ ಎರಡು, ಮೂರಕ್ಕೆ ಬರುತ್ತದೆ. ಆಗ ಗೋಡೆಯ ಕಾಯಿಲೆ ನಿಂತಿದ್ದರೂ ಅದೇ ಸಂಖ್ಯೆ, ನಡೆಯುತ್ತಿದ್ದರೂ ಅದೇ ಸಂಖ್ಯೆ. ನ್ಯುಮೋನಿಯಾ ಬಂದರೂ ಸಿಆರ್‌ಪಿ ಮಿಸುಕದೆ ಇರಬಹುದು. ಹತ್ತು ಸಾವಿರ ಪಟ್ಟು ಹಾರಬಲ್ಲ ಅಳತೆಗೋಲು ಒಂದು ಚುಚ್ಚುಮದ್ದಿಗೆ ಮೂಕಾಗಿಹೋಯಿತು.

ಆದ್ದರಿಂದಲೇ ಲಿವರಿನ ಮರ್ಜಿಗೆ ಬೀಳದ ಗುರುತಿಗಾಗಿ ಹುಡುಕಾಟ. ಸಿಆರ್‌ಪಿಯ ವಂಶಕ್ಕೇ ಸೇರಿದ ಪೆಂಟ್ರಾಕ್ಸಿನ್-3 ಮೇಲೆ ಹಲವರ ಕಣ್ಣಿದೆ. ಐದರ ಬದಲು ಎಂಟು ಭಾಗಗಳ ರಚನೆ, ಒಂದೊಂದರಲ್ಲಿ 381 ಅಮೈನೋ ಆಮ್ಲ. ಇದನ್ನು ಉರಿಯೂತದ ಸ್ಥಳದಲ್ಲೇ, ನಾಳದ ಗೋಡೆಯ ಕಣಗಳೂ ಅಲ್ಲಿಗೆ ಬಂದ ರಕ್ಷಣಾ ಕಣಗಳೂ ತಯಾರಿಸುತ್ತವೆ. ಆದರೆ ಪ್ರಮಾಣ ನೋಡಿ: ಸಿಆರ್‌ಪಿಯನ್ನು ಲೀಟರಿಗೆ ಮಿಲಿಗ್ರಾಂಗಳಲ್ಲಿ ಅಳೆದರೆ ಇದನ್ನು ಮಿಲಿಲೀಟರಿಗೆ ಒಂದೆರಡು ನ್ಯಾನೋಗ್ರಾಂಗಳಲ್ಲಿ ಅಳೆಯಬೇಕು. ಕೂಗುವ ಸಾಕ್ಷಿಯನ್ನು ಬಿಟ್ಟು ಪಿಸುಗುಟ್ಟುವ ಸಾಕ್ಷಿಯ ಹಿಂದೆ ಹೋದಂತಾಯಿತು. 2011ರಲ್ಲಿ ಇಟಲಿಯ ವೈದ್ಯರು ಟಕಯಾಸು ಚುರುಕಾಗಿರುವುದನ್ನು ಪತ್ತೆಮಾಡಲು ಇದು ಇಎಸ್‌ಆರ್, ಸಿಆರ್‌ಪಿಗಳಿಗಿಂತ ಮೇಲು ಎಂದರು. ಆಮೇಲೆ ಬಂದ ಅಧ್ಯಯನಗಳೆಲ್ಲ ಒಕ್ಕೊರಲಿನಿಂದ ಹೌದೆನ್ನಲಿಲ್ಲ. ಊರಿನ ಲ್ಯಾಬಿನ ದರಪಟ್ಟಿಗೆ ಇದು ಇನ್ನೂ ಇಳಿದಿಲ್ಲ.

ಇನ್ನೊಂದು ದಾರಿ ಗೋಡೆಯನ್ನೇ ನೋಡುವುದು. ಪೆಟ್ ಸ್ಕ್ಯಾನಿಗೆ ಕೊಡುವ ವಿಕಿರಣಶೀಲ ಸಕ್ಕರೆಯನ್ನು ಉರಿಯುತ್ತಿರುವ ಗೋಡೆ ಹೆಚ್ಚು ಹೀರಿಕೊಂಡು ಹೊಳೆಯುತ್ತದೆ. ಅದರಲ್ಲಿರುವ ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ; ತಯಾರಾದ ಕೂಡಲೇ ಆಸ್ಪತ್ರೆಗೆ ಓಡಿಸಬೇಕು. ಖರ್ಚು ಎಲ್ಲರ ಕೈಗೆಟಕುವಂಥದ್ದಲ್ಲ, ತಿಂಗಳಿಗೊಮ್ಮೆ ಮಾಡಿಸುವಂಥದ್ದಂತೂ ಅಲ್ಲ.

ಭಾರತದ ವೈದ್ಯರು ಆರಿಸಿಕೊಂಡದ್ದು ಮೂರನೆಯ ದಾರಿ. ಲಖನೌದ ಸಂಜಯ್ ಗಾಂಧಿ ಸಂಸ್ಥೆಯ ರಾಮನಾಥ ಮಿಶ್ರ, ವೆಲ್ಲೂರಿನ ಸಿಎಂಸಿಯ ದೇಬಾಶಿಶ್ ದಂಡಾ ಮತ್ತು ಸಂಗಡಿಗರು ರೂಪಿಸಿದ ಅಂಕಪಟ್ಟಿಗೆ ಐಟಾಸ್ 2010 ಎಂದು ಹೆಸರು, ಪ್ರಕಟವಾದದ್ದು 2013ರಲ್ಲಿ. ಒಟ್ಟು 44 ಪ್ರಶ್ನೆಗಳು, ಅದರಲ್ಲಿ 33 ಹೃದಯ ಮತ್ತು ನಾಳಗಳಿಗೆ ಸೇರಿದ್ದು. ಬಲಗತ್ತಿನ ನಾಡಿ, ಎಡಗತ್ತಿನದು, ಬಲತೋಳು, ಎಡತೋಳು, ತೊಡೆಸಂದು, ಪಾದ, ಎಲ್ಲೆಲ್ಲಿ ಹೊಸದಾಗಿ ಕಳೆದಿದೆ, ಎಲ್ಲೆಲ್ಲಿ ನಾಳದ ಮೇಲೆ ಸದ್ದು ಹೊಸದಾಗಿ ಕೇಳುತ್ತಿದೆ ಎಂದು ಒಂದೊಂದನ್ನೇ ಮುಟ್ಟಿ, ಆಲಿಸಿ ಗುರುತು ಹಾಕಬೇಕು. ಕಳೆದ ಭೇಟಿಯಿಂದೀಚೆಗೆ ಬದಲಾದದ್ದಕ್ಕೆ ಮಾತ್ರ ಅಂಕ. ಹಿಂದೆಂದೋ ಮುಚ್ಚಿಹೋದ ನಾಳಕ್ಕಿಲ್ಲ. ಏಳು ಮುಖ್ಯ ಲಕ್ಷಣಗಳಿಗೆ ಎರಡೆರಡು, ಮಿಕ್ಕವಕ್ಕೆ ಒಂದೊಂದು. ಇಎಸ್‌ಆರ್, ಸಿಆರ್‌ಪಿಗಳನ್ನೂ ಪೂರಾ ಕೈಬಿಟ್ಟಿಲ್ಲ. ಅವುಗಳನ್ನು ಸೇರಿಸಿಕೊಳ್ಳುವ ಇನ್ನೊಂದು ರೂಪವಿದೆ. ಅಲ್ಲಿ ಇಎಸ್‌ಆರ್ ಎಷ್ಟೇ ಏರಿರಲಿ, 60 ಮುಟ್ಟಿದರೂ ಸರಿ, 140 ಆದರೂ ಸರಿ, ಅದರಿಂದ ಸಿಗುವ ಅಂಕ ಹೆಚ್ಚೆಂದರೆ ಮೂರು.